ಅರಾದಿನ ಹಲಗೆಗಳು

ಮುಹರ್ರಕ್ಕಿನ ಈ ದಡಕ್ಕೆ ಅರಾದ್ ಅಂತ ಹೆಸರು.
ಆಚೆ ವಿಮಾನ ಇಳಿಯುತ್ತವೆ, ಈಚೆ ನಾನು
ಹಲಗೆಯ ಸಂದಿಗೆ ಹತ್ತಿಹೊಸೆ ತುರುಕುತ್ತೇನೆ.
ಉಳಿ, ಕೊಡತಿ, ಮೀನೆಣ್ಣೆ;
ತುರುಕು, ಬಡಿ, ಒರೆಸು.
ಹತ್ತೊಂಬತ್ತು ವರ್ಷ.

ಸೋಮವಾರ ಮಧ್ಯಾಹ್ನ ಒಬ್ಬಳು ಬಂದಳು,
ಕೈಯಲ್ಲಿ ಅಳತೆಯ ಟೇಪು, ಕುತ್ತಿಗೆಗೆ ಕ್ಯಾಮರಾ.
ನಜ್ಲಾ ಅಂತೆ. ಲೆಬನಾನಿನವಳು.
"ನನ್ನ ಊರು ಸೂರ್" ಅಂದಳು.
ನಮ್ಮ ಮಾತಲ್ಲಿ ಸೂರು ಅಂದರೆ
ಮಳೆ ಗೋಡೆಗೆ ಬಡಿಯದಂತೆ ಇಳಿಬಿಟ್ಟ ಮಾಡಿನ ಅಂಚು, ಅಂದೆ.
ನಕ್ಕಳು. ಅವರಲ್ಲಿ ಅದು ಬಂಡೆಯಂತೆ.

ಅವಳ ಊರಿನವರು ಒಂದು ಕಾಲಕ್ಕೆ
ಕಡಲನ್ನೇ ಅಂಗಳ ಮಾಡಿಕೊಂಡವರು.
ಶಂಖದ ಹುಳ ಕೊಳೆಸಿ, ಆ ನಾತದೊಳಗಿಂದ
ರಾಜರ ಬಟ್ಟೆಗೆ ನೇರಳೆ ತೆಗೆದವರು.
ದೇವದಾರು ಕಡಿದು ಹಡಗು ಕಟ್ಟಿ
ಒಂದೇ ನಕ್ಷತ್ರ ನೆಚ್ಚಿ ಹೋದರು, ನೆಲ ಮುಗಿಯುವ ತನಕ.
ಊರೂರಿಗೆ ಅಕ್ಷರ ಹಂಚಿದರು,
ತಮ್ಮ ಕಥೆಯೊಂದು ಉಳಿಯಲಿಲ್ಲ.
ಬರೆದದ್ದು ಒದ್ದೆಯಾಗಿ ಕೊಳೆತಿರಬೇಕು.
ಮತ್ಯಾವನೋ ಯವನ ಯಾರದೋ ಬಾಯಲ್ಲಿ ಕೇಳಿ ಬರೆದ:
ಇವರು ಮೂಲದಲ್ಲಿ ಈ ಕೊಲ್ಲಿಯವರು,
ಇಲ್ಲಿನ ಅರಾದಿನಿಂದ ಎದ್ದು ಹೋಗಿ
ಅಲ್ಲೊಂದು ಅರ್ವಾದ್ ಕಟ್ಟಿದವರು.
ನಿಜವೋ, ಎರಡು ಹೆಸರು ಪ್ರಾಸಕ್ಕೆ ಬಿದ್ದದ್ದೋ,
ಪಂಡಿತರು ಇನ್ನೂ ತಲೆ ಕೆರೆದುಕೊಳ್ಳುತ್ತಾರಂತೆ.

ಖಮೀಸ್ ಮುದುಕ ಹಗ್ಗದ ಸಿಂಬೆಯ ಮೇಲೆ ಕೂತಿದ್ದ.
"ಇಲ್ಲಿಂದಲೇ ಹೋದರು" ಅಂದ,
ಮೊನ್ನೆ ಬೀಳ್ಕೊಟ್ಟು ಬಂದವನ ಹಾಗೆ.
"ಹೋಗುವಾಗ ನಮ್ಮ ತೊಗಲಿನ ನೀರಚೀಲ ಒಯ್ದರು,
ಇನ್ನೂ ತಂದುಕೊಟ್ಟಿಲ್ಲ."

ಆ ಚೀಲ ನನಗೆ ಗೊತ್ತು.
ಅವನು ಮುತ್ತಿನ ದೋಣಿಯ ಹುಡುಗನಾಗಿದ್ದಾಗ
ಬಾಯಾರಿದರೆ ಮುಳುಗುತ್ತಿದ್ದರು.
ಕಡಲ ತಳದಲ್ಲಿ ಸಿಹಿನೀರಿನ ಒರತೆ;
ಬೆರಳಿಗೆ ತಣ್ಣಗೆ ತಾಗಿದಲ್ಲಿ ಚೀಲದ ಬಾಯಿ ಬಿಚ್ಚಿ
ತುಂಬಿ, ಬಿಗಿದು, ಅಷ್ಟೂ ಉಪ್ಪಿನ ನಡುವೆ ಎತ್ತಿ ತರಬೇಕು.
ಈಗ ಒರತೆ ಬತ್ತಿದೆ.
ಬಾಟಲಿ ನೀರು ಕುಡಿಯುತ್ತಾನೆ, ಗುಟುಕಿಗೊಂದು ಬೈಗುಳ.

ಋಷಿಮೂಲ ನದಿಮೂಲ ಕೇಳಬಾರದು ಅನ್ನುತ್ತಾರೆ.
ಹಡಗಿನವರದು ಕೇಳಬಹುದೇ?
ನಮ್ಮಜ್ಜ, ಕಾಸರಕೋಡಿನ ದಾಲ್ದಿ, ಹೇಳುತ್ತಿದ್ದ:
ಒಡೆದ ಅರಬ್ಬೀ ಹಡಗಿನ ಹಲಗೆ ಹಿಡಿದು
ಶರಾವತಿಯ ಅಳಿವೆಗೆ ತೇಲಿಬಂದವರು ನಾವು.
ಅಜ್ಜಿ ಒಲೆ ಊದುತ್ತ:
"ಹಲಗೆಯೂ ಇಲ್ಲ ಮಣ್ಣೂ ಇಲ್ಲ,
ರತ್ನಾಗಿರಿಯಲ್ಲಿ ಸಾಲ ಮಾಡಿ ರಾತ್ರೋರಾತ್ರಿ ಓಡಿಬಂದವರು."
ಇಲ್ಲಿಯ ಗುರುತಿನ ಚೀಟಿಯಲ್ಲಿ ನಾನು
ಬುಡನ್ ಇಸ್ಮಾಯಿಲ್, ಹುಟ್ಟೂರು "ಹುನ್ವಾರ್".
ತಿದ್ದಿಸಲು ಮೂರು ದಿನದ ಕೂಲಿ. ಬಿಟ್ಟೆ.

ನಜ್ಲಾ ದೋಣಿಯ ಹೊಟ್ಟೆಯ ಕೆಳಗೆ ಬಗ್ಗಿದಳು. ಇದೇನು ಗುರುತು?
ಹಲಗೆ ಅದಲುಬದಲಾಗದಿರಲೆಂದು
ಸೀಮೆಸುಣ್ಣದಲ್ಲಿ ನಾನೇ ಬರೆದ ಅ, ಆ, ಇ, ಈ.
ಸುಣ್ಣ ಇಸಿದುಕೊಂಡು ಅ-ದ ಪಕ್ಕ
ಮಗ್ಗುಲಾದ ಎತ್ತಿನ ತಲೆಯೊಂದು ಗೀಚಿದಳು, ಎರಡು ಕೊಂಬು.
"ನಮ್ಮವರ ಮೊದಲ ಅಕ್ಷರ."
ಎರಡನ್ನೂ ನೋಡಿದೆ. ಹೋಲಿಕೆ ಇತ್ತೇ?
ಈ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿದರೆ
ಒಂಟೆಗೂ ಕ್ರೇನಿಗೂ ಹೋಲಿಕೆ.

ಮರ ಎಲ್ಲಿಯದು ಅಂತ ಕೇಳಿದಳು.
ಇದು ಕಾಳಿ ನದಿಯ ಕಡೆಯ ಸಾಗವಾನಿ, ಪಕ್ಕದ್ದು ಬರ್ಮಾದ್ದು,
ಮೊಳೆ ಚೀನಾ, ಹತ್ತಿ ಕರಾಚಿ, ಅಂದೆ.
ಖಮೀಸ್ ಎದ್ದೇ ನಿಂತ:
"ದೋಣಿ ಬಹ್ರೇನಿನದು!"

ನಿನ್ನೆ ಬಣ್ಣ ಬಳಿದೆವು. ಅ ಹೋಯಿತು, ಎತ್ತೂ ಹೋಯಿತು.
ಇವತ್ತು ಭರತ ಏರುವಾಗ ನೀರಿಗಿಳಿಸಿದೆವು.
ಹೊಸ ದೋಣಿ ಮೊದಲೆರಡು ದಿನ ನೀರು ಕುಡಿಯುತ್ತದೆ,
ಹೆದರಬಾರದು,
ಹಲಗೆಗಳು ಉಬ್ಬಿ ಒಂದನ್ನೊಂದು ಬಿಗಿಹಿಡಿಯುವ ತನಕ
ಯಾರಾದರೊಬ್ಬರು ಒಳಗೇ ಕೂತು ಮೊಗೆಯಬೇಕು.
ಕೂತಿದ್ದೇನೆ, ತುಪ್ಪದ ಹಳೇ ಡಬ್ಬಿ ಹಿಡಿದು.
ಯಾರೂ ನೋಡದಾಗ
ಒಮ್ಮೆ ನಾಲಗೆಗೆ ತಾಗಿಸಿ ನೋಡಿದೆ.
ಉಪ್ಪೇ.